ಕುದುರೆ ಗಾಡಿಯ ಅಳತೆಗೆ ಕಟ್ಟಿದ ಗೋಪುರಗಳು

ಕೆನಡಾದ ಮ್ಯಾನಿಟೋಬಾ, ಸಸ್ಕಾಚೆವಾನ್ ಮತ್ತು ಆಲ್ಬರ್ಟಾ ಪ್ರಾಂತ್ಯಗಳ ದಕ್ಷಿಣ ಭಾಗದಲ್ಲಿ ಹಬ್ಬಿರುವ ವಿಶಾಲವಾದ ಹುಲ್ಲುಗಾವಲಿನ ಬಯಲನ್ನು ಪ್ರೇರಿ ಎನ್ನುತ್ತಾರೆ. 1933ರ ಹೊತ್ತಿಗೆ ಈ ಬಯಲಿನ ರೈಲು ಹಳಿಗಳ ಪಕ್ಕದಲ್ಲಿ 5,700ಕ್ಕೂ ಹೆಚ್ಚು ಗ್ರೇನ್ ಎಲಿವೇಟರುಗಳು, ಅಂದರೆ ಧಾನ್ಯವನ್ನು ಮೇಲೆತ್ತಿ ರೈಲಿಗೆ ತುಂಬುವ ಗೋಪುರಗಳು, ನಿಂತಿದ್ದವು. ಎಪ್ಪತ್ತು ಎಂಬತ್ತು ಅಡಿ ಎತ್ತರ, ಕಿಟಕಿಗಳಿಲ್ಲದ ಮರದ ಮೈ, ಹೆಗಲಿನಿಂದ ಮೇಲಕ್ಕೆ ಕಿರಿದಾಗುವ ತಲೆ, ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಂಪನಿಯ ಹೆಸರು ಮತ್ತು ಊರಿನ ಹೆಸರು: ಒಂದನ್ನು ನೋಡಿದವರಿಗೆ ಉಳಿದವುಗಳನ್ನೂ ನೋಡಿದಂತೆಯೇ ಅನ್ನಿಸುವಷ್ಟು ಅವು ಒಂದನ್ನೊಂದು ಹೋಲುತ್ತಿದ್ದವು. ಇಂದು ಅವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ ಉಳಿದಿದೆ. ಉಳಿದವುಗಳಲ್ಲಿಯೂ ಹೆಚ್ಚಿನವು ಧಾನ್ಯ ಕಂಡು ಬಹಳ ಕಾಲವಾಗಿದೆ.

ಇಷ್ಟೊಂದು ಸಂಖ್ಯೆಯಲ್ಲಿ, ಇಷ್ಟು ಒತ್ತೊತ್ತಾಗಿ, ಒಂದೇ ಅಚ್ಚಿನಲ್ಲಿ ಅವುಗಳನ್ನು ಏಕೆ ಕಟ್ಟಿದರು, ಮತ್ತು ಗಟ್ಟಿಮುಟ್ಟಾಗಿದ್ದವುಗಳನ್ನೂ ಏಕೆ ಕೆಡವಿದರು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಇರುವುದು ಒಂದೇ ಕಡೆ. ರೈತನ ಹೊಲಕ್ಕೂ ರೈಲು ಹಳಿಗೂ ನಡುವೆ ಇದ್ದ ದೂರವನ್ನು ನಿಭಾಯಿಸಲು ಹುಟ್ಟಿದ ಯಂತ್ರ ಇದು. ಆ ದೂರವನ್ನು ಅಂದು ಅಳೆದದ್ದು ಕುದುರೆ ಗಾಡಿ. ಅಳೆಯುವ ಸಾಧನ ಬದಲಾದಾಗ ಯಂತ್ರದ ಲೆಕ್ಕವೂ ತಪ್ಪಿತು.

ಎಲಿವೇಟರನ್ನು ಉಗ್ರಾಣವೆಂದು ತಿಳಿಯುವುದು ಸಹಜವಾದ ತಪ್ಪು. ಉತ್ತರ ಕರ್ನಾಟಕದ ಹಗೇವಿನಂತೆ ವರ್ಷಗಟ್ಟಲೆ ಕಾಳನ್ನು ಕಾಯ್ದಿಡಲು ಕಟ್ಟಿದ್ದಲ್ಲ ಇದು. ಧಾನ್ಯವನ್ನು ತೂಗಿ, ದರ್ಜೆ ಗೊತ್ತುಮಾಡಿ, ಮೇಲಕ್ಕೆತ್ತಿ, ಸ್ವಲ್ಪ ದಿನ ಇಟ್ಟುಕೊಂಡು, ಅದರದೇ ಭಾರದಿಂದ ರೈಲು ವ್ಯಾಗನ್ನಿಗೆ ಸುರಿಯುವುದು ಇದರ ಕೆಲಸ. ಈ ಯಂತ್ರದ ಮೂಲ ಪ್ರೇರಿಯಲ್ಲಿಲ್ಲ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಬಂದರಿನಲ್ಲಿದೆ. ಅಲ್ಲಿ ಸರೋವರದ ಹಡಗುಗಳಿಂದ ಕಾಲುವೆಯ ದೋಣಿಗಳಿಗೆ ಗೋಧಿಯನ್ನು ಐರಿಷ್ ಕೂಲಿಗಳು ಬೆನ್ನ ಮೇಲೆ ಹೊತ್ತು ಸಾಗಿಸುತ್ತಿದ್ದರು. 1842ರಲ್ಲಿ ಜೋಸೆಫ್ ಡಾರ್ಟ್ ಎಂಬ ವ್ಯಾಪಾರಿ, ರಾಬರ್ಟ್ ಡನ್‌ಬಾರ್ ಎಂಬ ಎಂಜಿನಿಯರನ ನೆರವಿನಿಂದ, ಉಗಿಯಂತ್ರದಿಂದ ನಡೆಯುವ ಎಲಿವೇಟರನ್ನು ಕಟ್ಟಲು ತೊಡಗಿದ. ಸುತ್ತುವ ಬೆಲ್ಟಿಗೆ ಸಣ್ಣ ಬಕೆಟ್‌ಗಳನ್ನು ಜೋಡಿಸಿ ಕಾಳನ್ನು ಮೇಲೆತ್ತುವ ಉಪಾಯ ಅವನದೇ ಅಲ್ಲ. ಅದಕ್ಕೂ ಅರ್ಧ ಶತಮಾನ ಮೊದಲೇ ಆಲಿವರ್ ಇವಾನ್ಸ್ ಹಿಟ್ಟಿನ ಗಿರಣಿಯಲ್ಲಿ ಅದನ್ನು ಬಳಸಿದ್ದ. ಡಾರ್ಟ್ ಮಾಡಿದ್ದು ಅದನ್ನು ಗಿರಣಿಯಿಂದ ಬಂದರಿಗೆ ತಂದದ್ದು.

ಈ ಬದಲಾವಣೆಯ ಪರಿಣಾಮ ಕೂಲಿಯ ಉಳಿತಾಯಕ್ಕಷ್ಟೇ ನಿಲ್ಲಲಿಲ್ಲ. ಗೋಧಿ ಚೀಲದಲ್ಲಿ ಇರುವವರೆಗೂ ಅದು ಇಂಥವನ ಹೊಲದ ಗೋಧಿ. ಚೀಲದ ಮೇಲೆ ಗುರುತಿರುತ್ತದೆ, ಖರೀದಿದಾರ ಬಿಚ್ಚಿ ನೋಡಿ ಬೆಲೆ ಕಟ್ಟುತ್ತಾನೆ. ಬೆಲ್ಟು ಎತ್ತುವ ಗೋಧಿಗೆ ಚೀಲವಿರಲು ಸಾಧ್ಯವಿಲ್ಲ, ಅದು ನೀರಿನಂತೆ ಹರಿಯಬೇಕು. ಹರಿಯುವ ಗೋಧಿಯಲ್ಲಿ ನೂರು ರೈತರ ಬೆಳೆ ಬೆರೆತುಹೋಗುತ್ತದೆ. ಹಾಗೆ ಬೆರೆಸಬೇಕೆಂದರೆ ಮೊದಲು ಅದನ್ನು ದರ್ಜೆಗಳಾಗಿ ವಿಂಗಡಿಸಬೇಕು, ಮತ್ತು ರೈತನಿಗೆ ತನ್ನದೇ ಕಾಳಿನ ಬದಲು ಇಂಥ ದರ್ಜೆಯ ಇಷ್ಟು ಬುಷೆಲ್ ಎಂಬ ಚೀಟಿ ಕೊಡಬೇಕು. ಆ ಚೀಟಿಯನ್ನು ಧಾನ್ಯ ಕಾಣದವರೂ ಕೊಂಡು ಮಾರಬಹುದು. 1848ರಲ್ಲಿ ಸ್ಥಾಪನೆಯಾದ ಶಿಕಾಗೊ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಬೆಳೆದ, ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಕಟ್ಟುವ ವಾಯಿದಾ ವ್ಯಾಪಾರವಾಗಲಿ, ಮ್ಯಾನಿಟೋಬಾದ ಧಾನ್ಯ ಮಾರುಕಟ್ಟೆಯಾದ 1887ರ ವಿನ್ನಿಪೆಗ್ ಗ್ರೇನ್ ಎಕ್ಸ್‌ಚೇಂಜ್ ಆಗಲಿ, ಈ ಚೀಟಿಯ ಮೇಲೆ ನಿಂತ ವ್ಯವಸ್ಥೆಗಳು. ಮುಂದೆ ಪ್ರೇರಿಯಲ್ಲಿ ಎಲಿವೇಟರಿನ ಸುತ್ತ ನಡೆದ ಜಗಳಗಳಿಗೆಲ್ಲ ಮೂಲ ಇಲ್ಲಿದೆ: ಕಾಳು ಕೈಬಿಟ್ಟ ಕ್ಷಣದಲ್ಲಿ ಅದರ ತೂಕವನ್ನೂ ದರ್ಜೆಯನ್ನೂ ಹೇಳುವವನು ಬೇರೊಬ್ಬನಾದ.

ಕೆನಡಾದ ಪ್ರೇರಿಯಲ್ಲಿ ಮೊದಲ ಎಲಿವೇಟರ್ ಎದ್ದದ್ದು 1879ರಲ್ಲಿ, ಮ್ಯಾನಿಟೋಬಾದ ನೀವರ್‌ವಿಲ್ ಎಂಬಲ್ಲಿ. ವಿಲಿಯಂ ಹೆಸ್ಪೆಲರ್ ಕಟ್ಟಿಸಿದ ಅದು ದುಂಡಗಿತ್ತು. ಆ ಆಕಾರ ಚಲಾವಣೆಗೆ ಬರಲಿಲ್ಲ. ಎರಡು ವರ್ಷಗಳ ನಂತರ ಅದೇ ಪ್ರಾಂತ್ಯದ ಗ್ರೆಟ್ನಾದಲ್ಲಿ ಓಗಿಲ್ವಿ ಹಿಟ್ಟಿನ ಕಂಪನಿ ಕಟ್ಟಿದ ಚೌಕಾಕಾರದ ಮರದ ಎಲಿವೇಟರೇ ಮುಂದಿನ ಸಾವಿರಾರು ಕಟ್ಟಡಗಳಿಗೆ ಅಚ್ಚಾಯಿತು. 1885ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆ ದೇಶದ ಎರಡು ತುದಿಗಳನ್ನು ಜೋಡಿಸಿತು. 1872ರ ಭೂ ಕಾಯ್ದೆಯ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿ, ಉಳುಮೆ ಮಾಡಿ, ಅಲ್ಲೇ ವಾಸವಿದ್ದವರಿಗೆ 160 ಎಕರೆ ಸಿಗುತ್ತಿತ್ತು. ಆ ನೆಲ ಖಾಲಿ ಇತ್ತೆಂದು ಮಾತ್ರ ಯಾರೂ ಭಾವಿಸಬಾರದು. 1871ರಿಂದ 1877ರವರೆಗೆ ಮೂಲನಿವಾಸಿಗಳೊಂದಿಗೆ ಮಾಡಿಕೊಂಡ ಏಳು ಒಪ್ಪಂದಗಳ ಮೂಲಕ, ಕಾಡೆಮ್ಮೆಗಳ ಹಿಂಡುಗಳು ನಾಶವಾಗಿ ಅವರು ಹಸಿವಿಗೆ ಬಿದ್ದ ಕಾಲದಲ್ಲಿ, ಅದು ಸರ್ಕಾರದ ಕೈಗೆ ಬಂದಿತ್ತು. ಗೋಧಿಯ ಬಯಲಿನ ಚರಿತ್ರೆ ಹೇಳುವವರು ಈ ಪುಟವನ್ನು ಬೇಗ ಮಗುಚಿಬಿಡುತ್ತಾರೆ.

ಗೋಧಿಯ ತಳಿಯ ವಿಷಯದಲ್ಲಿ ಭಾರತದ ಒಂದು ನಂಟೂ ಇದೆ. ಪ್ರೇರಿಯ ಬೇಸಿಗೆ ಚಿಕ್ಕದು, ಕಾಳು ಬಲಿಯುವ ಮೊದಲೇ ಹಿಮ ಬೀಳುವ ಭಯ ತಪ್ಪಿದ್ದಲ್ಲ. ಮೊದಲ ವಲಸಿಗರು ನೆಚ್ಚಿದ್ದ ರೆಡ್ ಫೈಫ್ ಒಳ್ಳೆಯ ಹಿಟ್ಟು ಕೊಡುತ್ತಿದ್ದರೂ ತಡವಾಗಿ ಮಾಗುತ್ತಿತ್ತು. ಅದನ್ನು ಭಾರತದಿಂದ ಹೋದ ಹಾರ್ಡ್ ರೆಡ್ ಕಲ್ಕತ್ತಾ ಎಂಬ ಗೋಧಿಯೊಂದಿಗೆ ಸಂಕರಗೊಳಿಸಿ, ಆ ಸಂತತಿಯಿಂದ ಚಾರ್ಲ್ಸ್ ಸಾಂಡರ್ಸ್ ಆರಿಸಿ ಬೆಳೆಸಿದ ಮಾರ್ಕ್ವಿಸ್ ತಳಿ ಹಲವು ದಿನ ಮುಂಚೆಯೇ ಕೊಯ್ಲಿಗೆ ಬಂತು. 1909ರಿಂದ ರೈತರಿಗೆ ವ್ಯಾಪಕವಾಗಿ ಹಂಚಿಕೆಯಾದ ಈ ತಳಿ ಬಯಲಿನ ಉತ್ತರದ ಅಂಚಿಗೂ ಗೋಧಿಯನ್ನು ಒಯ್ದಿತು. ಅದರ ಹಿಂದೆಯೇ ಕವಲು ಹಳಿಗಳೂ, ಹಳಿಗಳ ಹಿಂದೆ ಎಲಿವೇಟರುಗಳೂ ಹೋದವು.

ಎಲಿವೇಟರುಗಳ ನಡುವಿನ ಅಂತರ ಸುಮಾರು ಎಂಟರಿಂದ ಹತ್ತು ಮೈಲಿ ಇರುತ್ತಿತ್ತು. ಐವತ್ತು ಅರವತ್ತು ಬುಷೆಲ್ ಗೋಧಿ, ಅಂದರೆ ಒಂದೂವರೆ ಟನ್ನಿನಷ್ಟು ಭಾರ ಹೇರಿದ ಕುದುರೆ ಗಾಡಿ ಬೆಳಿಗ್ಗೆ ಹೊರಟು, ಸಾಲಿನಲ್ಲಿ ನಿಂತು, ಇಳಿಸಿ, ಕತ್ತಲಾಗುವುದರೊಳಗೆ ಮನೆ ಸೇರಬೇಕೆಂಬ ಲೆಕ್ಕ ಅದು. ಕಟ್ಟಡದ ಗಾತ್ರವೂ ಹಾಗೆಯೇ ಲೆಕ್ಕದಿಂದಲೇ ಬಂತು. ತನ್ನ ವ್ಯಾಗನ್ನುಗಳು ನಿಲ್ದಾಣದಲ್ಲಿ ಬಿದ್ದಿರದೆ ಬೇಗ ತುಂಬಿ ಹೊರಡಬೇಕೆಂದು ಬಯಸಿದ ರೈಲ್ವೆ ಕಂಪನಿ, ಕನಿಷ್ಠ 25,000 ಬುಷೆಲ್ ಹಿಡಿಯುವ, ಎಂಜಿನ್‌ನಿಂದ ನಡೆಯುವ ಎಲಿವೇಟರ್ ಕಟ್ಟಿದವರಿಗೆ ಜಾಗ ಕೊಟ್ಟು, ಅಂಥ ಎಲಿವೇಟರ್ ಇರುವ ನಿಲ್ದಾಣದಲ್ಲಿ ಬೇರೆ ಯಾವ ರೀತಿಯಲ್ಲೂ ಧಾನ್ಯ ತುಂಬಲು ಬಿಡುವುದಿಲ್ಲವೆಂಬ ಭರವಸೆಯನ್ನೂ ಕೊಟ್ಟಿತು. ಗೋಧಿಯ ಒಂದು ಬುಷೆಲ್ ಎಂದರೆ 60 ಪೌಂಡ್, ಸುಮಾರು 27 ಕಿಲೋ. ಆ ಲೆಕ್ಕದಲ್ಲಿ 25,000 ಬುಷೆಲ್ ಸುಮಾರು 680 ಟನ್. ಒಂದೇ ಅಚ್ಚಿನ ಗೋಪುರಗಳು ಬಯಲಿನುದ್ದಕ್ಕೂ ಎದ್ದುದರ ಹಿಂದೆ ಸೌಂದರ್ಯದ ಕಲ್ಪನೆ ಏನೂ ಇರಲಿಲ್ಲ, ಇದ್ದದ್ದು ಈ ಷರತ್ತು.

ಈಗ ಒಂದು ಗಾಡಿ ಒಳಗೆ ಬಂದಾಗ ಏನಾಗುತ್ತಿತ್ತು ಎಂಬುದನ್ನು ನೋಡೋಣ. ಕಟ್ಟಡದ ಪಕ್ಕಕ್ಕೆ ಅಂಟಿಕೊಂಡ ಕೊಟ್ಟಿಗೆಯಂಥ ಭಾಗಕ್ಕೆ ಮಣ್ಣಿನ ಏರಿಯ ಮೇಲಿಂದ ಗಾಡಿ ಹತ್ತುತ್ತದೆ. ಅಲ್ಲಿನ ಹಲಗೆಯ ನೆಲವೇ ಒಂದು ವೇಬ್ರಿಡ್ಜ್. ತುಂಬಿದ ಗಾಡಿಯ ತೂಕ ಹಿಡಿದ ಮೇಲೆ ಅದರ ಹಿಂಭಾಗದ ಬಾಗಿಲು ತೆಗೆದು, ಮುಂಭಾಗ ಎತ್ತಿ ಓರೆ ಮಾಡಿದರೆ ಕಾಳು ನೆಲದ ಕಬ್ಬಿಣದ ಜಾಲರಿಯೊಳಗಿಂದ ಕೆಳಗಿನ ಗುಂಡಿಗೆ ಬೀಳುತ್ತದೆ. ಏಜೆಂಟ್ ಎಂದು ಕರೆಸಿಕೊಳ್ಳುವ ನಿರ್ವಾಹಕ ಬೀಳುವ ಧಾರೆಯಿಂದ ಒಂದಿಷ್ಟು ಕಾಳು ಹಿಡಿದುಕೊಳ್ಳುತ್ತಾನೆ. ಅದನ್ನು ಮೂಸಿ, ಹಲ್ಲಿನಿಂದ ಕಡಿದು ಗಟ್ಟಿ ಇದೆಯೇ ಎಂದು ನೋಡಿ, ಜರಡಿಯಾಡಿ ಕಳೆಬೀಜ ಮತ್ತು ಹೊಟ್ಟಿನ ಪ್ರಮಾಣ ಕಂಡುಕೊಂಡು, ಸಣ್ಣ ಅಳತೆ ಪಾತ್ರೆಯಲ್ಲಿ ತುಂಬಿ ತೂಗಿ ಕಾಳಿನ ಸಾಂದ್ರತೆ ತಿಳಿಯುತ್ತಾನೆ. ಹಿಮ ತಗುಲಿ ಮುದುಡಿದ ಕಾಳಾದರೆ ದರ್ಜೆ ಒಂದೆರಡು ಮೆಟ್ಟಿಲು ಇಳಿಯುತ್ತದೆ. ಬರಿದಾದ ಗಾಡಿಯನ್ನು ಮತ್ತೆ ತೂಗಿ, ವ್ಯತ್ಯಾಸದಿಂದ ಕಸದ ಪಾಲನ್ನು ಕಳೆದು, ಚೀಟಿ ಬರೆದು ಕೊಡುತ್ತಾನೆ.

ಗುಂಡಿಗೆ ಬಿದ್ದ ಕಾಳನ್ನು ಎತ್ತುವುದು ಕಟ್ಟಡದ ನಟ್ಟನಡುವೆ ಬುಡದಿಂದ ತುದಿಯವರೆಗೆ ಸುತ್ತುವ ಬೆಲ್ಟು. ಅದಕ್ಕೆ ಮೊಳೆ ಹೊಡೆದ ತಗಡಿನ ಬಟ್ಟಲುಗಳು ಗುಂಡಿಯಿಂದ ಕಾಳನ್ನು ಮೊಗೆದು ಮೇಲಕ್ಕೊಯ್ದು, ತುದಿಯ ಚಕ್ರದ ಮೇಲೆ ಬಾಗುವಾಗ ಚೆಲ್ಲುತ್ತವೆ. ಚೆಲ್ಲಿದ ಕಾಳು ಒಂದು ತಿರುಗುವ ಕೊಳವೆಯ ಬಾಯಿಗೆ ಬೀಳುತ್ತದೆ. ಕೆಳಗೆ ಗಾಡಿ ನಿಲ್ಲುವ ಜಾಗದಲ್ಲಿಯೇ ಇರುವ ಚಕ್ರವನ್ನು ತಿರುಗಿಸಿ ಏಜೆಂಟ್ ಆ ಕೊಳವೆಯನ್ನು ಬೇಕಾದ ಕಣಜಕ್ಕೆ ಹೊಂದಿಸುತ್ತಾನೆ. ಗೋಪುರದೊಳಗೆ ಹೀಗೆ ಹತ್ತಿಪ್ಪತ್ತು ಕಣಜಗಳು ನೆಲದಿಂದ ಹೆಗಲಿನವರೆಗೆ ನಿಂತಿರುತ್ತವೆ. ವ್ಯಾಗನ್ ಬಂದಾಗ ಕಣಜದ ಕಾಳು ಇನ್ನೊಮ್ಮೆ ಮೇಲಕ್ಕೇರಿ, ತೂಕವಾಗಿ, ಹೊರಗಿನ ಕೊಳವೆಯಿಂದ ಜಾರಿ ವ್ಯಾಗನ್ನಿನೊಳಗೆ ಬೀಳುತ್ತದೆ. ಆ ಕಾಲದ ವ್ಯಾಗನ್ನುಗಳು ಎಲ್ಲ ಸರಕಿಗೂ ಬಳಸುವ ಮುಚ್ಚಿದ ಪೆಟ್ಟಿಗೆಗಳು. ಕಾಳು ಸೋರದಂತೆ ಬಾಗಿಲಿನ ಕೆಳಭಾಗಕ್ಕೆ ಪ್ರತಿ ಸಲವೂ ಒಳಗಿನಿಂದ ಹಲಗೆ ಬಡಿಯಬೇಕಿತ್ತು.

ತುದಿಯ ಯಂತ್ರಗಳಿಗೆ ಎಣ್ಣೆ ಹಾಕಲು ಏಜೆಂಟ್ ಹತ್ತುತ್ತಿದ್ದುದು ಒಬ್ಬ ಮನುಷ್ಯ ನಿಲ್ಲುವಷ್ಟೇ ಅಗಲದ ಒಂದು ತೊಟ್ಟಿಲಿನಲ್ಲಿ. ಅದರ ಇನ್ನೊಂದು ತುದಿಗೆ ಅವನ ಮೈತೂಕಕ್ಕೆ ಸರಿಹೊಂದುವ ಕಬ್ಬಿಣದ ಬಟ್ಟು ಕಟ್ಟಿರುತ್ತಿತ್ತು, ಹಗ್ಗವನ್ನು ತಾನೇ ಎಳೆದುಕೊಂಡು ಅವನು ಕತ್ತಲೆಯ ಸುರಂಗದಲ್ಲಿ ಮೇಲೇರುತ್ತಿದ್ದ. ಏಜೆಂಟ್ ಬದಲಾದರೆ ಬಟ್ಟಿನ ಭಾರವನ್ನೂ ಬದಲಾಯಿಸಬೇಕಿತ್ತು.

ಎಂಜಿನ್ ಮಾತ್ರ ಗೋಪುರದೊಳಗೆ ಇರುತ್ತಿರಲಿಲ್ಲ; ಸ್ವಲ್ಪ ದೂರದಲ್ಲಿ, ಕಚೇರಿಗೆ ಹೊಂದಿಕೊಂಡ ಕೋಣೆಯಲ್ಲಿ ಅದನ್ನಿಟ್ಟು ಅಲ್ಲಿಂದ ಶಕ್ತಿಯನ್ನು ಒಳಗೆ ಒಯ್ಯುತ್ತಿದ್ದರು. ಕಾರಣ ಬೆಂಕಿ. ಗೋಧಿಯ ಧೂಳು ಗಾಳಿಯಲ್ಲಿ ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಒಂದು ಕಿಡಿ ಸಾಕು, ಅದು ಉರಿಯುವುದಿಲ್ಲ, ಸಿಡಿಯುತ್ತದೆ. ಒಣಗಿದ ಮರ, ಬೇರಿಂಗ್‌ಗಳ ಘರ್ಷಣೆ, ಬಯಲಿನಲ್ಲಿ ಅತ್ಯಂತ ಎತ್ತರದ ವಸ್ತುವನ್ನೇ ಹುಡುಕುವ ಸಿಡಿಲು, ಪಕ್ಕದಲ್ಲೇ ಕೆಂಡ ಉಗುಳುತ್ತ ಹೋಗುವ ಉಗಿಬಂಡಿ ಇವೆಲ್ಲ ಸೇರಿ ಎಲಿವೇಟರುಗಳು ಸುಟ್ಟುಹೋಗುವುದು ಮಾಮೂಲಿ ಸುದ್ದಿಯಾಗಿತ್ತು. ಗೋಡೆಗೆ ತಗಡು ಹೊದಿಸುವುದು, ಚಳಿಯಲ್ಲಿ ಹೆಪ್ಪುಗಟ್ಟದಂತೆ ಉಪ್ಪು ಬೆರೆಸಿದ ನೀರಿನ ಪೀಪಾಯಿ ಇಡುವುದು ಇವು ಅಂದಿನ ರಕ್ಷಣಾ ಕ್ರಮಗಳು.

ಗೋಡೆ ಕಟ್ಟಿದ ರೀತಿಯಲ್ಲಿ ಒಂದು ಭೌತಶಾಸ್ತ್ರದ ಪಾಠವೇ ಇದೆ. ಮನೆ ಕಟ್ಟುವಂತೆ ಕಂಬ ನಿಲ್ಲಿಸಿ ಹಲಗೆ ಬಡಿದರೆ ಧಾನ್ಯದ ಒತ್ತಡಕ್ಕೆ ಗೋಡೆ ಸೀಳಿಹೋಗುತ್ತದೆ. ಆದ್ದರಿಂದ ಎರಡು ಇಂಚು ದಪ್ಪ, ಎಂಟು ಅಥವಾ ಆರು ಇಂಚು ಅಗಲದ ಹಲಗೆಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿ, ಪ್ರತಿ ಸಾಲಿಗೂ ಮೊಳೆ ಹೊಡೆದು, ಮೂಲೆಗಳಲ್ಲಿ ಒಂದರೊಳಗೊಂದು ಹೆಣೆಯುತ್ತ ಮೇಲೆ ಹೋಗುತ್ತಿದ್ದರು. ಬುಡದಲ್ಲಿ ಅಗಲದ ಹಲಗೆ, ಮೇಲಕ್ಕೆ ಹೋದಂತೆ ಕಿರಿದು. ಸಿದ್ಧವಾದ ಗೋಡೆ ಒಂದೇ ಘನವಾದ ಮರದ ಚಪ್ಪಡಿಯಂತೆ ಇರುತ್ತಿತ್ತು. ನೀರಿನ ತೊಟ್ಟಿಯಲ್ಲಿ ಆಳ ಹೆಚ್ಚಿದಷ್ಟೂ ತಳದ ಒತ್ತಡ ಹೆಚ್ಚುತ್ತಲೇ ಹೋಗುತ್ತದೆ. ಕಾಳಿನ ಕಣಜದಲ್ಲಿ ಹಾಗಲ್ಲ: ಕಾಳುಗಳು ಗೋಡೆಗೆ ಒತ್ತಿ ಉಜ್ಜುವುದರಿಂದ ಭಾರದ ದೊಡ್ಡ ಪಾಲನ್ನು ಗೋಡೆಯೇ ಹೊತ್ತುಕೊಳ್ಳುತ್ತದೆ, ಒಂದು ಆಳದ ನಂತರ ತಳದ ಒತ್ತಡ ಹೆಚ್ಚುಕಡಿಮೆ ಏರುವುದೇ ಇಲ್ಲ. ಜರ್ಮನಿಯ ಎಂಜಿನಿಯರ್ ಯಾನ್ಸೆನ್ 1895ರಲ್ಲಿ ಇದಕ್ಕೆ ಸೂತ್ರ ಕೊಟ್ಟ. ಆದರೆ ಗೋಡೆಯು ಪಕ್ಕಕ್ಕೆ ತಳ್ಳುವ ಬಲವನ್ನು ತಡೆಯುವುದರ ಜೊತೆಗೆ ಕೆಳಕ್ಕೆ ಎಳೆಯುವ ಭಾರವನ್ನೂ ಹೊರಬೇಕು ಎಂಬುದನ್ನು ಪ್ರೇರಿಯ ಬಡಗಿಗಳು ಸೂತ್ರವಿಲ್ಲದೆಯೇ ಅರಿತಿದ್ದರು. ಪೇರಿಸಿದ ಹಲಗೆಯ ಗೋಡೆ ಎರಡನ್ನೂ ಮಾಡುತ್ತದೆ, ಮತ್ತು ಭಾರ ಬಿದ್ದಂತೆ ಸ್ವಲ್ಪ ಕುಗ್ಗಿ ಇನ್ನಷ್ಟು ಬಿಗಿಯಾಗುತ್ತದೆ.

ಆ ಎಲ್ಲ ಭಾರ ಕೊನೆಗೆ ಇಳಿಯುವುದು ನೆಲಕ್ಕೆ. ನೆಲ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಣ್ಣಿನ ತರಗತಿಯಲ್ಲಿ ಇಂದಿಗೂ ಕೇಳುವ ಉದಾಹರಣೆ ಇಲ್ಲಿಯದೇ. ವಿನ್ನಿಪೆಗ್ ಬಳಿಯ ನಾರ್ತ್ ಟ್ರಾನ್ಸ್‌ಕೋನಾದಲ್ಲಿ ರೈಲ್ವೆ ಕಂಪನಿ ಹತ್ತು ಲಕ್ಷ ಬುಷೆಲ್ ಹಿಡಿಯುವ ಕಾಂಕ್ರೀಟಿನ ದೊಡ್ಡ ಎಲಿವೇಟರನ್ನು ಕಟ್ಟಿತ್ತು. ಹಳ್ಳಿಯ ಗೋಪುರವಲ್ಲ ಇದು, ಹಳ್ಳಿಗಳಿಂದ ಬಂದ ಧಾನ್ಯ ಸೇರುವ ಕಡೆ. 1913ರ ಅಕ್ಟೋಬರ್ 18ರಂದು, ಅದರ 65 ಕಣಜಗಳಲ್ಲಿ 8,75,000 ಬುಷೆಲ್ ಗೋಧಿ ಸಮನಾಗಿ ತುಂಬಿದ್ದಾಗ, ಕಟ್ಟಡ ಒಂದು ಗಂಟೆಯೊಳಗೆ ಒಂದು ಅಡಿಯಷ್ಟು ಕುಸಿಯಿತು. ಮುಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ನಿಧಾನವಾಗಿ ವಾಲುತ್ತ ಸುಮಾರು 27 ಡಿಗ್ರಿ ಓರೆಯಾಗಿ ನಿಂತಿತು. ಅಡಿಪಾಯದ ಕೆಳಗಿನ ಗಟ್ಟಿ ಜೇಡಿಮಣ್ಣಿನ ಕೆಳಗೆ ಮೆತ್ತನೆಯ ಜೇಡಿ ಪದರವಿರುವುದನ್ನು ಯಾರೂ ಪರೀಕ್ಷಿಸಿರಲಿಲ್ಲ. ಸೋಜಿಗವೆಂದರೆ ಕಟ್ಟಡ ಒಡೆದಿರಲಿಲ್ಲ. ಕಾಳನ್ನು ಹೊರತೆಗೆದು, ಕೆಳಗೆ ಬಂಡೆಯವರೆಗೆ ಕಂಬಗಳನ್ನು ಇಳಿಸಿ, ಜಾಕುಗಳಿಂದ ಎತ್ತಿ 1914ರಲ್ಲಿ ಅದನ್ನು ಮತ್ತೆ ನೇರ ನಿಲ್ಲಿಸಿದರು, ಮುಂಚಿಗಿಂತ ಕೆಳಮಟ್ಟದಲ್ಲಿ.

ಯಂತ್ರ ಎಷ್ಟೇ ಜಾಣತನದ್ದಾದರೂ ತೂಕದ ಕೋಲು ಯಾರ ಕೈಯಲ್ಲಿದೆ ಎಂಬುದೇ ರೈತನಿಗೆ ಮುಖ್ಯ. ಮಂಡಿಯಲ್ಲಿ ಚೀಲಕ್ಕಿಷ್ಟು ಎಂದು ಕಡಿತ ಹಿಡಿಸಿಕೊಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೇರಿಯ ರೈತ ಎರಡು ಗಂಟೆ ಗಾಡಿ ಹೊಡೆದುಕೊಂಡು ಬಂದಿರುತ್ತಿದ್ದ. ಊರಿನಲ್ಲಿ ಎಲಿವೇಟರ್ ಒಂದೇ ಕಂಪನಿಯದು, ಇಲ್ಲವೇ ಒಳಗೊಳಗೇ ಮಾತಾಡಿಕೊಂಡ ಎರಡು ಕಂಪನಿಗಳದು. ಕಸದ ಹೆಸರಿನಲ್ಲಿ ಹೆಚ್ಚು ಕಳೆದರೂ, ದರ್ಜೆ ಒಂದು ಮೆಟ್ಟಿಲು ಇಳಿಸಿದರೂ, ಗೋಧಿಯನ್ನು ವಾಪಸ್ ಮನೆಗೆ ಹೊತ್ತೊಯ್ಯುವಂತಿರಲಿಲ್ಲ. ತಾನೇ ವ್ಯಾಗನ್ ತರಿಸಿಕೊಂಡು ತುಂಬೋಣವೆಂದರೆ ಎಲಿವೇಟರ್ ಕಂಪನಿಗಳಿಗೆ ರೈಲ್ವೆ ಕೊಟ್ಟಿದ್ದ ಭರವಸೆ ಅಡ್ಡ ನಿಂತಿತ್ತು. ದೂರುಗಳು ಹೆಚ್ಚಾಗಿ 1899ರಲ್ಲಿ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು, ಅದರ ಶಿಫಾರಸಿನಂತೆ 1900ರಲ್ಲಿ ಮ್ಯಾನಿಟೋಬಾ ಧಾನ್ಯ ಕಾಯ್ದೆ ಬಂತು. ರೈತರು ಗಾಡಿಯಿಂದ ನೇರವಾಗಿ ವ್ಯಾಗನ್ನಿಗೆ ತುಂಬಲು ರೈಲ್ವೆ ಕಟ್ಟೆಗಳನ್ನು ಒದಗಿಸಬೇಕೆಂದು ಅದು ಹೇಳಿತು.

1901ರಲ್ಲಿ ಬೆಳೆ ಹುಲುಸಾಗಿ ಬಂತು, ವ್ಯಾಗನ್ನುಗಳು ಸಾಲದೆ ಹೋದವು. ಬಂದ ವ್ಯಾಗನ್ನುಗಳು ಮೊದಲು ಎಲಿವೇಟರುಗಳ ಪಾಲಾದವು. ಆ ಚಳಿಗಾಲದಲ್ಲಿ ಇಂಡಿಯನ್ ಹೆಡ್ ಎಂಬ ಊರಿನಲ್ಲಿ ರೈತರು ಸಭೆ ಸೇರಿ ಪ್ರಾದೇಶಿಕ ಧಾನ್ಯ ಬೆಳೆಗಾರರ ಸಂಘ ಕಟ್ಟಿದರು. ಡಬ್ಲ್ಯು. ಆರ್. ಮದರ್‌ವೆಲ್ ಅದರ ಅಧ್ಯಕ್ಷ. ಒತ್ತಡಕ್ಕೆ ಮಣಿದು 1902ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು: ಪ್ರತಿ ನಿಲ್ದಾಣದಲ್ಲಿ ಒಂದು ಪುಸ್ತಕವಿರಬೇಕು, ವ್ಯಾಗನ್ ಬೇಕಾದವರು ರೈತರಾಗಲಿ ಕಂಪನಿಯಾಗಲಿ ಅದರಲ್ಲಿ ಹೆಸರು ಬರೆಸಬೇಕು, ಬರೆಸಿದ ಸರದಿಯಲ್ಲಿಯೇ ವ್ಯಾಗನ್ ಕೊಡಬೇಕು. ರೈಲ್ವೆ ಅದನ್ನು ಪಾಲಿಸಲಿಲ್ಲ. ಸಿಂಟಲೂಟಾ ನಿಲ್ದಾಣದ ರೈಲ್ವೆ ಏಜೆಂಟನ ಮೇಲೆ ಸಂಘ ದಾವೆ ಹೂಡಿತು. ನ್ಯಾಯಾಲಯ ಅವನಿಗೆ 50 ಡಾಲರ್ ದಂಡ ಹಾಕಿತು, ಮೇಲ್ಮನವಿಯಲ್ಲಿಯೂ ರೈತರೇ ಗೆದ್ದರು. ದಂಡದ ಮೊತ್ತ ರೈಲ್ವೆಗೆ ಏನೂ ಅಲ್ಲ. ಆದರೆ ಬರೆದ ಸರದಿಗೆ ಕಂಪನಿಯೂ ತಲೆಬಾಗಬೇಕೆಂದು ಹಳ್ಳಿಯ ರೈತರು ನ್ಯಾಯಾಲಯದಲ್ಲಿ ಸಾಧಿಸಿದ್ದು, ಮುಂದೆ ಬಂದ ಯಾವ ಸಹಕಾರಿ ಸಂಸ್ಥೆಗಿಂತಲೂ ಹೆಚ್ಚು ಕಾಲ ಬಾಳಿತು.

ಅಲ್ಲಿಂದ ಮುಂದಿನ ಹೆಜ್ಜೆ ಎಲಿವೇಟರನ್ನು ತಾವೇ ಹೊಂದುವುದು. ಸಿಂಟಲೂಟಾದವನೇ ಆದ ಇ. ಎ. ಪಾರ್ಟ್ರಿಜ್ ವಿನ್ನಿಪೆಗ್ಗಿಗೆ ಹೋಗಿ ಧಾನ್ಯ ವ್ಯಾಪಾರವನ್ನು ಹತ್ತಿರದಿಂದ ನೋಡಿ ಬಂದ, ಅವನ ಮುಂದಾಳತ್ವದಲ್ಲಿ 1906ರಲ್ಲಿ ರೈತರ ಸ್ವಂತ ಧಾನ್ಯ ಕಂಪನಿ ಹುಟ್ಟಿತು. ಲಾಭವನ್ನು ಸದಸ್ಯರಿಗೆ ಹಂಚುವ ಆಲೋಚನೆಯೇ ನಿಯಮಭಂಗವೆಂದು ಗ್ರೇನ್ ಎಕ್ಸ್‌ಚೇಂಜ್ ಅದನ್ನು ಹೊರಹಾಕಿತು, ಪ್ರಾಂತ್ಯ ಸರ್ಕಾರದ ಒತ್ತಡ ಬಿದ್ದ ಮೇಲೆ ಮತ್ತೆ ಸೇರಿಸಿಕೊಂಡಿತು. ಮ್ಯಾನಿಟೋಬಾ ಸರ್ಕಾರ 1910ರಲ್ಲಿ ತಾನೇ ಎಲಿವೇಟರುಗಳನ್ನು ಕೊಂಡು ನಡೆಸಲು ಹೋಗಿ ಎರಡೇ ವರ್ಷಗಳಲ್ಲಿ ಕೈಚೆಲ್ಲಿತು. ಸಸ್ಕಾಚೆವಾನ್ ಬೇರೆ ದಾರಿ ಹಿಡಿದು 1911ರಲ್ಲಿ ರೈತರ ಸಹಕಾರಿ ಎಲಿವೇಟರ್ ಕಂಪನಿಗೆ ಸಾಲದ ನೆರವು ಕೊಟ್ಟಿತು, ಅದು ಫಲಿಸಿತು. 1912ರ ಕೆನಡಾ ಧಾನ್ಯ ಕಾಯ್ದೆ ತೂಕ ಮತ್ತು ದರ್ಜೆಗಳ ಮೇಲೆ ಸರ್ಕಾರದ ಮಂಡಳಿಯನ್ನು ಕೂರಿಸಿತು. ದರ್ಜೆ ಒಪ್ಪದ ರೈತ ಮಾದರಿಯನ್ನು ಸರ್ಕಾರಿ ಇನ್‌ಸ್ಪೆಕ್ಟರರಿಗೆ ಕಳುಹಿಸಿ ತೀರ್ಪು ಕೇಳುವ ಪದ್ಧತಿಯೂ ನೆಲೆಗೊಂಡಿತು.

1923 ಮತ್ತು 1924ರಲ್ಲಿ ಮೂರೂ ಪ್ರಾಂತ್ಯಗಳಲ್ಲಿ ವೀಟ್ ಪೂಲ್ ಎಂಬ ಸಹಕಾರಿ ಸಂಸ್ಥೆಗಳು ಎದ್ದವು. ಸದಸ್ಯರ ಗೋಧಿಯನ್ನೆಲ್ಲ ಒಟ್ಟುಗೂಡಿಸಿ ಮಾರಿ, ಮೊದಲು ಒಂದು ಕಂತು ಕೊಟ್ಟು, ವರ್ಷಾಂತ್ಯದಲ್ಲಿ ಉಳಿದದ್ದನ್ನು ಸಮನಾಗಿ ಹಂಚುವುದು ಅವುಗಳ ಕ್ರಮ. ಸಸ್ಕಾಚೆವಾನ್ ಪೂಲ್ 1926ರಲ್ಲಿ ಹಳೆಯ ಸಹಕಾರಿ ಕಂಪನಿಯ ಎಲಿವೇಟರುಗಳನ್ನು ಕೊಂಡುಕೊಂಡಿತು. 1929ರಲ್ಲಿ ಬುಷೆಲ್ಲಿಗೆ ಒಂದು ಡಾಲರ್ ಮೊದಲ ಕಂತು ಕೊಟ್ಟ ಮೇಲೆ ಜಗತ್ತಿನ ಬೆಲೆಗಳು ಕುಸಿದು, 1932ರಲ್ಲಿ 40 ಸೆಂಟಿಗೂ ಕೆಳಗೆ ಹೋದವು. ಪೂಲ್‌ಗಳ ಸಾಲಕ್ಕೆ ಸರ್ಕಾರಗಳು ಜಾಮೀನು ನಿಂತವು. ಅವುಗಳ ಮಾರಾಟದ ಕೆಲಸ ಕೊನೆಗೆ 1935ರಲ್ಲಿ ಸರ್ಕಾರ ಹುಟ್ಟುಹಾಕಿದ ಕೆನಡಿಯನ್ ವೀಟ್ ಬೋರ್ಡ್‌ಗೆ ಹೋಯಿತು. 1943ರಿಂದ ಗೋಧಿಯನ್ನು ಅದಕ್ಕೇ ಕೊಡಬೇಕೆಂದಾಯಿತು. ಪೂಲ್‌ಗಳು ಎಲಿವೇಟರ್ ನಡೆಸುವ ಸಂಸ್ಥೆಗಳಾಗಿ ಉಳಿದವು.

ನಾನು ಹೇಳುತ್ತಿರುವ ಈ ಎಲ್ಲ ಕಾಲದಲ್ಲಿ ಹಳ್ಳಿಯ ಆರ್ಥಿಕತೆ ಎಲಿವೇಟರಿಗೆ ಕಟ್ಟಿಹಾಕಿದಂತೆ ಇತ್ತು. ಕಲ್ಲಿದ್ದಲು, ಹುರಿ, ಮುಂದೆ ಗೊಬ್ಬರ ಮಾರುತ್ತಿದ್ದವನೂ ಏಜೆಂಟನೇ. ಕಂಪನಿಗಳು ಕಟ್ಟುವ ತೆರಿಗೆ ಪುರಸಭೆಗೆ ದೊಡ್ಡ ಆದಾಯ. ಹಿಂದೆ ಎಲ್ಲವೂ ಕೆಂಪು ಕಾವಿ ಬಣ್ಣದ್ದಾಗಿದ್ದ ಗೋಪುರಗಳಿಗೆ ಆಮೇಲೆ ಕಂಪನಿಗೊಂದು ಬಣ್ಣ ಬಂತು; ಪಯೋನೀರ್ ಕಂಪನಿಯ ಕಿತ್ತಳೆ, ಆಲ್ಬರ್ಟಾ ಪೂಲಿನ ನೀಲಿ ಬೆರೆತ ಹಸಿರು ದೂರದಿಂದಲೇ ಗೊತ್ತಾಗುತ್ತಿದ್ದವು. ಆಲ್ಬರ್ಟಾದ ವಲ್ಕನ್ ಊರಿನಲ್ಲಿ ಒಂದೇ ಸಾಲಿನಲ್ಲಿ ಒಂಬತ್ತು ನಿಂತಿದ್ದವು.

ಇವು ಅಳಿಯಲು ತೊಡಗಿದ್ದು ಟ್ರಕ್ಕು ಬಂದಾಗ ಎಂದು ಹೇಳುವುದು ಅರ್ಧ ನಿಜ. ಎರಡನೇ ಮಹಾಯುದ್ಧದ ನಂತರ ಟ್ರಕ್ಕುಗಳೂ ಒಳ್ಳೆಯ ರಸ್ತೆಗಳೂ ಬಂದರೂ ಸಾವಿರಾರು ಎಲಿವೇಟರುಗಳು ಇನ್ನೂ ದಶಕಗಳ ಕಾಲ ನಡೆದವು. ಅವುಗಳನ್ನು ಹಿಡಿದಿಟ್ಟದ್ದು 1897ರ ಕ್ರೋಸ್ ನೆಸ್ಟ್ ಪಾಸ್ ಒಪ್ಪಂದ. ಬೆಟ್ಟದ ಕಣಿವೆಯೊಂದರಲ್ಲಿ ಹಳಿ ಹಾಕಲು ಸರ್ಕಾರದಿಂದ ಹಣ ಪಡೆದ ರೈಲ್ವೆ, ಅದಕ್ಕೆ ಬದಲಾಗಿ ಪ್ರೇರಿಯ ಧಾನ್ಯದ ಸಾಗಣೆ ದರವನ್ನು ಇಳಿಸಿ ಹಾಗೆಯೇ ಉಳಿಸುವುದಾಗಿ ಒಪ್ಪಿತ್ತು. 1925ರಲ್ಲಿ ಅದು ಶಾಸನವೇ ಆಯಿತು. ಹಣದುಬ್ಬರ ಏರಿದರೂ ದರ ಏರಲಿಲ್ಲ. ದರ ಕಡಿಮೆಯಾದ್ದರಿಂದ ರೈತ ಹತ್ತಿರದ ಕವಲು ಹಳಿಯನ್ನೇ ನೆಚ್ಚಿಕೊಂಡ. ನಷ್ಟವಾಗುತ್ತಿದ್ದ ರೈಲ್ವೆ ಆ ಹಳಿಗಳನ್ನು ದುರಸ್ತಿ ಮಾಡುವುದನ್ನೇ ಬಿಟ್ಟಿತು. 1970ರ ದಶಕದಲ್ಲಿ ನ್ಯಾಯಮೂರ್ತಿ ಎಮ್ಮೆಟ್ ಹಾಲ್ ಆಯೋಗ ಊರೂರು ಸುತ್ತಿ ವಿಚಾರಣೆ ನಡೆಸಿ, 1977ರಲ್ಲಿ ಎರಡು ಸಾವಿರ ಮೈಲಿಗೂ ಹೆಚ್ಚು ಕವಲು ಹಳಿಗಳನ್ನು ಮುಚ್ಚಬಹುದೆಂದಿತು. 1983ರಲ್ಲಿ ಹಳೆಯ ದರ ಹೋಗಿ ಸಹಾಯಧನ ಬಂತು, 1995ರಲ್ಲಿ ಸಹಾಯಧನವೂ ಹೋಯಿತು. ಭೂಮಾಲೀಕರಿಗೆ ಒಂದೇ ಸಲದ ಪರಿಹಾರವಾಗಿ 160 ಕೋಟಿ ಡಾಲರ್ ಹಂಚಲಾಯಿತು.

ಅದರ ನಂತರದ ಕುಸಿತ ಬಹಳ ವೇಗದ್ದು. ವ್ಯಾಗನ್ ಕೂಡ ಬದಲಾಗಿತ್ತು: 1972ರಿಂದ ಸರ್ಕಾರವೇ ಕೊಂಡ ಹಾಪರ್ ವ್ಯಾಗನ್ನುಗಳು ಮೇಲಿನಿಂದ ತುಂಬಿ ಕೆಳಗಿನಿಂದ ಸುರಿಯುವಂಥವು, ಅವುಗಳ ಭಾರವನ್ನು ಹಳೆಯ ಕವಲು ಹಳಿಗಳು ತಡೆಯುತ್ತಿರಲಿಲ್ಲ. ಒಂದೇ ಕಡೆ ನೂರು ವ್ಯಾಗನ್ ತುಂಬಿಸುವವರಿಗೆ ರೈಲ್ವೆ ರಿಯಾಯಿತಿ ಕೊಟ್ಟಿತು. ಹಳೆಯ ಎಲಿವೇಟರ್ ಪಕ್ಕದ ಹಳಿಯಲ್ಲಿ ಹತ್ತು ಹನ್ನೆರಡು ವ್ಯಾಗನ್ ನಿಲ್ಲುವುದೇ ಹೆಚ್ಚು. ಹೆದ್ದಾರಿ ಮತ್ತು ಮುಖ್ಯ ಹಳಿ ಕೂಡುವಲ್ಲಿ ಕಾಂಕ್ರೀಟಿನ ಬೃಹತ್ ಸಿಲೊಗಳು ಎದ್ದವು, ನಲವತ್ತು ಟನ್ ಹೇರಿದ ಲಾರಿ ಅರವತ್ತು ಎಪ್ಪತ್ತು ಮೈಲಿ ಓಡಿ ಅಲ್ಲಿಗೆ ಹೋಗತೊಡಗಿತು. ಸಾಗಣೆಯ ಖರ್ಚಿನ ಒಂದು ಪಾಲು ರೈಲ್ವೆಯಿಂದ ರೈತನ ಲಾರಿಗೂ, ಸವೆಯುವ ಹಳ್ಳಿ ರಸ್ತೆಗೂ ವರ್ಗವಾಯಿತು ಎಂಬುದು ನನ್ನ ಎಣಿಕೆ. ಇದನ್ನು ದಕ್ಷತೆ ಎಂದು ಕರೆಯುವಾಗ ಯಾರ ಲೆಕ್ಕದ ಪುಸ್ತಕವನ್ನು ನೋಡುತ್ತಿದ್ದೇವೆ ಎಂದು ಕೇಳಬೇಕಾಗುತ್ತದೆ. ಸಹಕಾರಿ ಸಂಸ್ಥೆಗಳೂ ಉಳಿಯಲಿಲ್ಲ. ಆಲ್ಬರ್ಟಾ ಮತ್ತು ಮ್ಯಾನಿಟೋಬಾ ಪೂಲ್‌ಗಳು 1998ರಲ್ಲಿ ಅಗ್ರಿಕೋರ್ ಆಗಿ ಒಂದಾದವು. 2007ರಲ್ಲಿ ಸಸ್ಕಾಚೆವಾನ್ ಪೂಲ್ ಉಳಿದವುಗಳನ್ನು ಕೊಂಡು ವಿಟೆರಾ ಆಯಿತು. 2012ರಲ್ಲಿ ಅದನ್ನು ಗ್ಲೆನ್‌ಕೋರ್ ಕೊಂಡಿತು, 2025ರಲ್ಲಿ ಅದು ಬಂಗೀ ಕಂಪನಿಯಲ್ಲಿ ಲೀನವಾಯಿತು. ವೀಟ್ ಬೋರ್ಡ್‌ನ ಏಕಸ್ವಾಮ್ಯವೂ 2012ರಲ್ಲೇ ಕೊನೆಗೊಂಡಿತು.

ಮುಚ್ಚಿದ ಎಲಿವೇಟರನ್ನು ಕಂಪನಿಗಳು ಬೇಗ ಕೆಡವಿಸುತ್ತಿದ್ದವು. ಖಾಲಿ ಕಟ್ಟಡಕ್ಕೂ ತೆರಿಗೆ ಕಟ್ಟಬೇಕು, ಬೆಂಕಿ ಬಿದ್ದರೆ ಹೊಣೆ ಹೊರಬೇಕು. ಪ್ರತಿಸ್ಪರ್ಧಿಯೊಬ್ಬ ಕೊಂಡು ನಡೆಸಿಯಾನೆಂಬ ಅಂಜಿಕೆಯೂ ಇತ್ತೆಂದು ಊರವರು ಹೇಳುತ್ತಿದ್ದರು. ಉಳಿಸಿಕೊಂಡ ಊರುಗಳೂ ಇವೆ. ಮ್ಯಾನಿಟೋಬಾದ ಇಂಗ್ಲಿಸ್‌ನಲ್ಲಿ 1922ರಿಂದ 1941ರವರೆಗೆ ಕಟ್ಟಿದ ಐದು ಎಲಿವೇಟರುಗಳ ಸಾಲು ಈಗ ರಾಷ್ಟ್ರೀಯ ಚಾರಿತ್ರಿಕ ಸ್ಥಳ. ಆಲ್ಬರ್ಟಾದ ನ್ಯಾಂಟನ್‌ನಲ್ಲಿ ಸಾಲಾಗಿ ಉಳಿದವುಗಳನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸಸ್ಕಾಚೆವಾನ್‌ನ ಫ್ಲೆಮಿಂಗ್‌ನಲ್ಲಿ 1895ರ ಎಲಿವೇಟರೊಂದು ಮೂಲ ಜಾಗದಲ್ಲಿ ನಿಂತ ಅತ್ಯಂತ ಹಳೆಯದೆಂದು ಹೆಸರಾಗಿತ್ತು, ಊರವರು ಅದರ ಜೀರ್ಣೋದ್ಧಾರಕ್ಕೆ ದುಡಿಯುತ್ತಿದ್ದರು. 2010ರ ಫೆಬ್ರುವರಿಯಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅದು ಬೂದಿಯಾಯಿತು.

ವಸ್ತುಸಂಗ್ರಹಾಲಯಗಳಿಗಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಸಸ್ಕಾಚೆವಾನ್‌ನ ಕೆಲವು ಕವಲು ಹಳಿಗಳು. ದೊಡ್ಡ ರೈಲ್ವೆಗಳು ಬಿಟ್ಟುಹೋದ ಅಂಥ ಹಳಿಗಳನ್ನು ರೈತರೂ ಊರಿನ ಆಡಳಿತಗಳೂ ಸೇರಿ ಕೊಂಡು ಸಣ್ಣ ರೈಲ್ವೆಗಳಾಗಿ ನಡೆಸುತ್ತಿದ್ದಾರೆ. ಅಲ್ಲಿ ಸಾಗುವುದು ಗೋಧಿ ಮಾತ್ರವಲ್ಲ. ಇದೇ ಪ್ರಾಂತ್ಯ ಇಂದು ಮಸೂರದ ದೊಡ್ಡ ಕಣಜವೂ ಹೌದು, ನಮ್ಮ ಅಂಗಡಿಗಳಿಗೆ ಬರುವ ಆಮದಿನ ಚನ್ನಂಗಿ ಬೇಳೆಯ ದೊಡ್ಡ ಪಾಲು ಕೆನಡಾದ್ದು. ಈ ಹಳಿಗಳ ಪಕ್ಕದಲ್ಲಿ ಎಲಿವೇಟರ್ ಕಂಪನಿಯ ಹಂಗಿಲ್ಲದೆ ವ್ಯಾಗನ್ ತುಂಬಬೇಕೆನ್ನುವ ರೈತ ಸರ್ಕಾರದ ಧಾನ್ಯ ಮಂಡಳಿಯಾದ ಕೆನಡಿಯನ್ ಗ್ರೇನ್ ಕಮಿಷನ್‌ಗೆ ಅರ್ಜಿ ಹಾಕುತ್ತಾನೆ. ತನ್ನ ಹೆಸರಿಗೆ ವ್ಯಾಗನ್ ಪಡೆದು ಟ್ರಕ್ಕಿನಿಂದ ನೇರವಾಗಿ ಅದಕ್ಕೆ ತುಂಬಿ ಬಂದರಿಗೆ ಕಳುಹಿಸುವ ಈ ಹಕ್ಕು ಇಂದಿನ ಧಾನ್ಯ ಕಾಯ್ದೆಯಲ್ಲಿಯೂ ಇದೆ, ಅದರ ಬೇರು ಇರುವುದು 1902ರ ತಿದ್ದುಪಡಿಯಲ್ಲಿ.